ಏಪ್ರಿಲ್ ಸೆಕೆಗೆ ಊಟದ ಟೇಬಲ್ ಮೇಲೆ ಹೂ, ಹುಲ್ಲು: ಉರುಳಿಯಾ, ಬಾಳೆದಿಂಡಾ, ನೇಜಿ ಟ್ರೇಯಾ, ಬಾಟ್ಲಿಯಾ?

ನೆಟ್ಟಲ್ಲಿ ಸ್ಪ್ರಿಂಗ್ ಸೆಂಟರ್‌ಪೀಸ್ ಅಂತ ಹುಡುಕಿದ್ರೆ ಬರೂದೆಲ್ಲ ಟ್ಯೂಲಿಪ್, ಡ್ಯಾಫೊಡಿಲ್, ಗೋಧಿಹುಲ್ಲಿನ ಟ್ರೇ, ಅದ್ರ ನಡುವೆ ಬಣ್ಣದ ಮೊಟ್ಟೆ. ಚಂದ ಉಂಟು, ಇಲ್ಲ ಅಂತಲ್ಲ. ಆದ್ರೆ ಅಲ್ಲಿಯವ್ರಿಗೆ ವಸಂತ ಅಂದ್ರೆ ಸ್ವೆಟರ್ ತೆಗಿಯೋ ಟೈಮು, ನಮ್ಗೆ ಮಂಗ್ಳೂರು ಉಡುಪಿಯವ್ರಿಗೆ ವಸಂತ ಅಂದ್ರೆ ಸೆಕೆ ಮಾರಾಯ್ರೆ, ಮಧ್ಯಾಹ್ನ 33-34 ಡಿಗ್ರಿ, ಗಾಳಿಯಲ್ಲಿ ಸಮುದ್ರದ ತೇವ, ತಲೆ ಮೇಲೆ ಫುಲ್ ಸ್ಪೀಡಲ್ಲಿ ಫ್ಯಾನು. ಆ ಫೋಟೋದಲ್ಲಿದ್ದ ಹಾಗೆಯೇ ಮಾಡ್ಲಿಕ್ಕೆ ಹೋದ್ರೆ ನೆಂಟ್ರು ಬಂದು ಕೈ ತೊಳಿಯೂದ್ರೊಳಗೆ ಹೂ ತಲೆ ಬಗ್ಗಿಸಿರ್ತದೆ. ನಮ್ಮ ಕಡೆ ಟೇಬಲ್ ಅಲಂಕಾರ ಬೇಕಾಗೂದು ಸಹ ಇದೇ ಸೆಕೆಯಲ್ಲಿ, ಬಿಸು (ತುಳುವರ ಹೊಸ ವರ್ಷ), ಈಸ್ಟರ್, ಮುಂಜಿ ಮದುವೆ ಸೀಸನ್, ರಜೆಗೆ ಮುಂಬೈಯಿಂದ ಬರುವ ಮಕ್ಕಳು ಮೊಮ್ಮಕ್ಕಳು ಎಲ್ಲ ಒಟ್ಟಿಗೆ.

ಹಾಗಾಗಿ ಯಾವ ಹೂ ಚಂದ ಅಂತ ಶುರು ಮಾಡೂದಕ್ಕಿಂತ ಜನ ಎಷ್ಟು ಗಂಟೆಗೆ ಕೂತ್ಕೊಳ್ತಾರೆ, ಅಲಂಕಾರ ಎಷ್ಟು ಗಂಟೆ ನಿಲ್ಬೇಕು ಅಂತ ಮೊದ್ಲು ನೋಡಿ. ನಮ್ಮ ಹಿತ್ತಿಲ ಹೂಗಳಿಗೆ ಅದರದ್ದೇ ಟೈಮ್ ಉಂಟು, ನಾವು ಹೇಳಿದ ಹಾಗೆ ಕೇಳೂದಿಲ್ಲ. ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡ್ತದೆ, ನೀರಲ್ಲಿಟ್ರೂ ಅಷ್ಟೇ, ನೀರಿಲ್ಲದೆ ಇಟ್ರೂ ಅಷ್ಟೇ. ಮಲ್ಲಿಗೆ ತದ್ವಿರುದ್ಧ, ಬೆಳಿಗ್ಗೆ ಮೊಗ್ಗು ಕೊಯ್ದು ಕಟ್ಟಿದ್ದು ಅರಳೂದು ಸಂಜೆಗೆ. ಬಿಳಿ ಸ್ಪೈಡರ್ ಲಿಲ್ಲಿ ಸಹ ಸಾಯಂಕಾಲದ ಗಿರಾಕಿ. ಕೇಪಳ (ಇಕ್ಸೋರಾ), ಗೊಂಡೆ (ಚೆಂಡುಹೂ), ಕಾಗದದ ಹೂ ಇವಕ್ಕೆ ಮಾತ್ರ ಹಗಲು ರಾತ್ರಿ ಅಂತ ಇಲ್ಲ. ಮಧ್ಯಾಹ್ನದ ಊಟಕ್ಕೆ ಮಲ್ಲಿಗೆ ಮೊಗ್ಗು ಇಟ್ರೆ ಅಕ್ಕಿಕಾಳು ಚೆಲ್ಲಿದ ಹಾಗೆ ಕಾಣ್ತದೆ, ರಾತ್ರಿ ಊಟಕ್ಕೆ ದಾಸವಾಳ ಇಟ್ರೆ ಮಡಚಿದ ಕೊಡೆ. ಇದೊಂದು ಲೆಕ್ಕ ಸರಿಯಾದ್ರೆ ಅರ್ಧ ಕೆಲಸ ಮುಗಿದ ಹಾಗೆ.

ದಾಸವಾಳವನ್ನ ರಾತ್ರಿಗೆ ಉಳಿಸ್ಲೇಬೇಕು ಅಂತ ಹಟ ಇದ್ದವ್ರಿಗೆ ಒಂದು ದಾರಿ ಉಂಟು. ಬೆಳಿಗ್ಗೆ ಅರಳಿದ ಕೂಡ್ಲೆ ಕೊಯ್ದು ಡಬ್ಬಿಯಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಹಾಕಿ, ನೀರು ಗೀರು ಏನೂ ಬೇಡ, ಫ್ರಿಜ್ಜಲ್ಲಿಡಿ. ಸಂಜೆ ತೆಗ್ದ್ರೆ ರಾತ್ರಿ ಊಟ ಮುಗಿಯುವ ತನಕ ಬಿಚ್ಚಿಕೊಂಡೇ ಇರ್ತದೆ. ಎಲ್ಲಾ ಜಾತಿಗೂ ಒಂದೇ ರೀತಿ ಆಗೂದಿಲ್ಲ, ಹಳೇ ಕೆಂಪು ಐದೆಸಳಿನದ್ದು ಚಂದ ಕೇಳ್ತದೆ.

ಮೊದ್ಲು ಟೇಬಲ್ ಅಳೀರಿ

ಇದನ್ನ ಯಾರೂ ಹೇಳೂದಿಲ್ಲ. ನಮ್ಮ ಮನೆಗಳ ಆರು ಜನರ ಟೇಬಲ್ ಸುಮಾರು ಮೂರಡಿ ಅಗಲ ಇರ್ತದೆ. ಎರಡು ಬದಿಯಲ್ಲೂ ಪ್ಲೇಟ್ ಇಟ್ರೆ ನಡುವೆ ಉಳಿಯೂದು ಒಂದಡಿ, ಅದ್ರಲ್ಲೇ ಅನ್ನದ ಪಾತ್ರೆ, ಸಾಂಬಾರು, ಪಲ್ಯ, ಗಸಿ, ಉಪ್ಪಿನಕಾಯಿ, ನೀರಿನ ಜಗ್ಗು. ಅಲ್ಲಿ ಎರಡಡಿಯ ಹೂವಿನ ಅಲಂಕಾರ ತಂದಿಟ್ರೆ ಊಟ ಶುರುವಾಗುವ ಮೊದ್ಲೇ ಯಾರಾದ್ರೂ ಅದನ್ನ ಎತ್ತಿ ಟೀವಿ ಸ್ಟ್ಯಾಂಡ್ ಮೇಲೆ ಇಡ್ತಾರೆ, ನೋಡಿದ್ದೀರಲ್ವಾ. ಬಾಳೆಲೆ ಊಟ ಆದ್ರೆ ಕತೆ ಬೇರೆ. ಎಲೆ ಅಡ್ಡಕ್ಕೆ ಹಾಕ್ತೇವೆ, ಬಡಿಸುವವ್ರು ಪಾತ್ರೆ ಕೈಯಲ್ಲಿ ಹಿಡ್ಕೊಂಡು ಬರ್ತಾರೆ, ಟೇಬಲ್ ಮೇಲೆ ಪಾತ್ರೆಯೇ ಇರೂದಿಲ್ಲ, ನಡುವಿನ ಒಂದಡಿ ಪೂರ್ತಿ ಖಾಲಿ. ಆದ್ದರಿಂದ ಎಲೆ ಊಟಕ್ಕೆ ಉದ್ದದ್ದು, ಪಾತ್ರೆ ಇಟ್ಟು ಉಣ್ಣೂದಾದ್ರೆ ಚಿಕ್ಕದ್ದು ಅಥವಾ ಬಿಡಿ ಬಿಡಿಯಾಗಿ ಸರಿಸಲಿಕ್ಕೆ ಆಗುವಂಥದ್ದು. ಎತ್ತರ ಹತ್ತು ಹನ್ನೆರಡು ಇಂಚಿಗಿಂತ ಹೆಚ್ಚು ಬೇಡ. ಮೊಣಕೈ ಟೇಬಲಿಗೆ ಊರಿ ಕೈ ನೇರ ಎತ್ತಿ ನೋಡಿ, ಅಂಗೈಗಿಂತ ಕೆಳಗಿದ್ರೆ ಎದುರು ಕೂತವ್ರ ಮುಖ ಕಾಣ್ತದೆ.

ಉರುಳಿ

ಎಲ್ಲಕ್ಕಿಂತ ಸುಲಭ, ಸೋಮಾರಿಗಳಿಗೆ ಹೇಳಿ ಮಾಡಿಸಿದ್ದು. ಹಿತ್ತಾಳೆ ಅಥವಾ ಕಂಚಿನ ಉರುಳಿ, ಇಲ್ಲದಿದ್ರೆ ಅಗಲ ಬಾಯಿಯ ಮಣ್ಣಿನ ಪಾತ್ರೆ, ಅದೂ ಇಲ್ಲದಿದ್ರೆ ಸ್ಟೀಲ್ ತಟ್ಟೆ ಸಹ ನಡೀತದೆ, ಮುಕ್ಕಾಲು ನೀರು, ಮೇಲೆ ತೇಲುವ ಹೂ. ಇದ್ರ ದೊಡ್ಡ ಗುಣ ಎಂತ ಅಂದ್ರೆ ತೊಟ್ಟಿನ ತಲೆಬಿಸಿಯೇ ಇಲ್ಲ. ಹಿತ್ತಿಲ ಹೂಗಳಲ್ಲಿ ಹೆಚ್ಚಿನವಕ್ಕೆ ಉದ್ದ ತೊಟ್ಟೇ ಇಲ್ಲ, ಹಾಗಾಗಿ ವಾಸ್‌ನಲ್ಲಿ ನಿಲ್ಲೂದಿಲ್ಲ, ಆದ್ರೆ ನೀರಿನ ಮೇಲೆ ಮಲ್ಕೊಳ್ಳಿಕ್ಕೆ ಯಾರಿಗೂ ತೊಂದ್ರೆ ಇಲ್ಲ.

ತೇಲ್ಲಿಕ್ಕೆ ಬೆಸ್ಟ್ ದೇವಕಣಗಿಲೆ, ನರ್ಸರಿಯವ್ರು ಪ್ಲುಮೇರಿಯಾ ಅನ್ನೂದು. ಬೇಸಿಗೆಯಲ್ಲಿ ಎಲೆ ಎಲ್ಲ ಉದುರಿ ಬೋಳು ಕೊಂಬೆಯಲ್ಲಿ ಹೂ ಮಾತ್ರ ಇರ್ತದೆ, ಎಸಳು ದಪ್ಪ, ನೀರಲ್ಲಿ ಮರುದಿನದ ತನಕ ಬರ್ತದೆ. ಕೊಯ್ದ ಕೂಡ್ಲೆ ಹಾಲು ಸುರಿಯೂದು ನಿಲ್ಲುವ ತನಕ ಬದಿಗಿಡಿ, ಆ ಹಾಲು ಕೈಗೆ ತಾಗಿದ್ರೆ ಕೆಲವ್ರಿಗೆ ತುರಿಸ್ತದೆ. ಎರಡನೇದು ಕಾಗದದ ಹೂ, ಬೋಗನ್‌ವಿಲ್ಲಾ. ಕೊಂಬೆ ಸಮೇತ ಕಡಿದು ನೀರಲ್ಲಿ ನಿಲ್ಲಿಸಿದ್ರೆ ಮುನಿಸ್ಕೊಂಡು ಬಾಡ್ತದೆ, ಆದ್ರೆ ಬಣ್ಣದ ಎಸಳು ಮಾತ್ರ ಬಿಡಿಸಿ ತೇಲಿಬಿಟ್ರೆ ಇಡೀ ದಿನ ಹಾಗೇ. ನಾವು ಎಸಳು ಅನ್ನೂದು ನಿಜಕ್ಕೂ ಅದ್ರ ಎಲೆಯೇ, ಬಣ್ಣ ಬಂದ ಎಲೆ, ನಿಜವಾದ ಹೂ ನಡುವಲ್ಲಿ ಬೆಂಕಿಕಡ್ಡಿ ತುದಿಯಷ್ಟು ಬೆಳ್ಳಗೆ ಇರ್ತದೆ. ಅದಕ್ಕೇ ಸೆಕೆ ತಡಿಯೂದು. ಕೇಪಳದ ಗೊಂಚಲು ಬಿಡಿಸಿ ಒಂದೊಂದೇ ಚಿಕ್ಕ ಹೂ ಅಂಚಿಗೆ ಹಾಕಿದ್ರೆ ಕೆಂಪು ಗೆರೆ ಎಳ್ದ ಹಾಗೆ ಬರ್ತದೆ, ಮಕ್ಕಳ ಕೈಗೆ ಕೊಟ್ರೆ ಒಂದು ಗಂಟೆ ಮನೆ ಶಾಂತ.

ಹುಲ್ಲು ಉರುಳಿಗೆ ಕಷ್ಟ. ಗರಿಕೆ ಹಾಕಿದ್ರೆ ಅತ್ಲಾಗೆ ಮುಳುಗೂದೂ ಇಲ್ಲ ಇತ್ಲಾಗೆ ತೇಲೂದೂ ಇಲ್ಲ. ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಉದ್ದ ಎಲೆಯನ್ನ ಬಳೆ ಹಾಗೆ ಸುತ್ತಿ ಗಂಟು ಹಾಕಿ ನೀರಿನ ಮೇಲೆ ಬಿಟ್ರೆ ಅದ್ರೊಳಗೆ ಹೂ ಕೂತ್ಕೊಳ್ತದೆ, ಫ್ಯಾನ್ ಗಾಳಿಗೆ ಎಲ್ಲಾ ಹೂ ಒಂದೇ ಮೂಲೆಗೆ ಹೋಗಿ ಗುಂಪಾಗೂದೂ ತಪ್ತದೆ. ಎಲೆ ಅಂಚು ಚೂಪು, ಬೆರಳು ಜೋಪಾನ.

ಮತ್ತೆ ನೀರು. ಇಲ್ಲಿ ಡೆಂಗಿ ಮಲೇರಿಯಾ ಕತೆ ಎಲ್ಲರಿಗೂ ಗೊತ್ತುಂಟು, ಉರುಳಿ ನೀರು ಎರಡು ದಿನಕ್ಕಿಂತ ಹೆಚ್ಚು ಹಾಗೇ ಬಿಡ್ಬೇಡಿ. ನೆಂಟ್ರು ಹೋದ ಮೇಲೆ ಮರ್ತು ಒಂದು ವಾರ ಬಿಟ್ರೆ ಅದು ಸೊಳ್ಳೆ ಸಾಕುವ ಟ್ಯಾಂಕಿ. ಈಸ್ಟರ್ ರಾತ್ರಿಗೆ ತೇಲುವ ಕ್ಯಾಂಡಲ್ ಇಡೂದಾದ್ರೆ ಬೋಗನ್‌ವಿಲ್ಲಾ ಎಸಳು ಉರುಳಿಯ ಅಂಚಲ್ಲಿ ಒಣಗಿ ಕೂತಿರಬಾರ್ದು, ಕಾಗದದ ಹೂ ಅಂತ ಸುಮ್ನೆ ಹೇಳೂದಲ್ಲ.

ಬಾಳೆದಿಂಡು

ನನ್ನ ಓಟು ಇದಕ್ಕೆ, ಮೊದ್ಲೇ ಹೇಳ್ಬಿಡ್ತೇನೆ. ಪೇಟೆಯ ಹೂವಿನಂಗಡಿಯವ್ರು ಹಸಿರು ಫೋಮ್ ಅಂತ ಒಂದು ಇಟ್ಟಿಗೆ ಕೊಡ್ತಾರಲ್ಲ, ಹೂ ಚುಚ್ಚಲಿಕ್ಕೆ, ಅದು ಮಾಡುವ ಎಲ್ಲಾ ಕೆಲಸ ಗೊನೆ ಕಡ್ದ ಬಾಳೆಯ ದಿಂಡು ಮಾಡ್ತದೆ, ಅದೂ ಬಿಟ್ಟಿಗೆ. ಅದ್ರ ಪದರ ಪದರದಲ್ಲಿ ಸಣ್ಣ ಸಣ್ಣ ಕೋಣೆ, ಅದ್ರೊಳಗೆ ನೀರು, ಅಡ್ಡಕ್ಕೆ ಕೊಯ್ದು ನೋಡಿದ್ರೆ ಜೇನುಗೂಡಿನ ಹಾಗೆಯೇ ಕಾಣ್ತದೆ. ಹೂವಿನ ತೊಟ್ಟು ಅದ್ರಲ್ಲಿ ಹೋಗಿ ಕೂತ್ರೆ ತಂಪೂ ಸಿಗ್ತದೆ, ಹಿಡಿತವೂ ಸಿಗ್ತದೆ.

ಮಾಡೂದು ಹೀಗೆ. ಒಂದೂವರೆ ಅಡಿ ತುಂಡು ತಗೊಳ್ಳಿ, ಹೊರಗಿನ ಒಣಗಿದ ಒಂದೆರಡು ಪದರ ಸುಲೀರಿ, ಕೆಳಗಿನ ಬದಿ ಕತ್ತಿಯಿಂದ ಸ್ವಲ್ಪ ಚಪ್ಪಟೆ ಕೆತ್ತಿ, ಇಲ್ಲಾಂದ್ರೆ ಟೇಬಲ್ ಮೇಲೆ ಉರುಳ್ತದೆ. ಹಿಡಿಸೂಡಿ ಕಡ್ಡಿಯಿಂದ, ಹೊಸ ಹಿಡಿಸೂಡಿಯದ್ದು ಮತ್ತೆ, ಗುಡಿಸಿದ್ದಲ್ಲ, ಮೇಲೆ ತೂತು ಮಾಡ್ತಾ ಹೋಗಿ ಒಂದೊಂದೇ ಹೂ ಚುಚ್ಚಿ. ನೇರ ಚುಚ್ಚಿದ್ರೆ ಸಾಲಾಗಿ ಪೆರೇಡ್ ನಿಂತ ಹಾಗಾಗ್ತದೆ, ಸ್ವಲ್ಪ ಆಚೆ ಈಚೆ ಓರೆ ಇರಲಿ. ಕೇಪಳಕ್ಕೆ ಗಟ್ಟಿ ಕಡ್ಡಿ ಇರೂದ್ರಿಂದ ಅದು ಎಲ್ಲಕ್ಕಿಂತ ಚಂದ ನಿಲ್ತದೆ. ಗೊಂಡೆ ನಿಲ್ತದೆ. ನಂದಿಬಟ್ಟಲು ಗೆಲ್ಲು ಸಮೇತ ಆದ್ರೆ ನಿಲ್ತದೆ, ಹೂ ಒಂದೇ ಆದ್ರೆ ಕಡ್ಡಿಗೆ ಪೋಣಿಸಿ ಚುಚ್ಬೇಕು. ದಾಸವಾಳ ಸಹ ಕಡ್ಡಿಗೆ ಕಟ್ಟಿಯೇ. ಗರಿಕೆ ಇಲ್ಲಿ ಬರ್ತದೆ ನೋಡಿ, ಹತ್ತಿಪ್ಪತ್ತು ಗರಿಕೆ ಒಟ್ಟಿಗೆ ಬಾಳೆನಾರಲ್ಲಿ ಕಟ್ಟಿ ಕುಚ್ಚು ಮಾಡಿ ಹೂಗಳ ನಡು ನಡುವೆ ಚುಚ್ಚಿದ್ರೆ ದಿಂಡಿನ ಬಿಳಿ ಕಾಣೂದಿಲ್ಲ, ಹುಲ್ಲಿನ ಮೇಲೆ ಹೂ ಹುಟ್ಟಿದ ಹಾಗೆ ಕಾಣ್ತದೆ. ಹಿಂಗಾರದ ಎಳೆ ಇದ್ರೆ ಎರಡು ತುದಿಗೆ ಇಳಿಬಿಡಿ, ಇಡೀ ಮನೆಗೆ ಬೇರೆಯೇ ಕಳೆ ಬರ್ತದೆ.

ತೊಂದ್ರೆ ಇಲ್ವಾ? ಉಂಟು. ದೊಡ್ಡ ತೊಂದ್ರೆ ಬಾಳೆಯ ಕಲೆ. ದಿಂಡಿನ ರಸ ನೋಡ್ಲಿಕ್ಕೆ ನೀರಿನ ಹಾಗೆ, ಬಟ್ಟೆಗೆ ತಾಗಿ ಗಾಳಿಗೆ ಒಣಗಿದ ಮೇಲೆ ಕಂದು ಕಪ್ಪು, ಮತ್ತೆ ಯಾವ ಸೋಪಿಗೂ ಹೋಗೂದಿಲ್ಲ. ಅಜ್ಜಿಯ ಕ್ರೋಶಾ ಟೇಬಲ್ ಕ್ಲಾತ್ ಮೇಲೆ ಇದನ್ನ ಇಡೂದು ಬೇಡವೇ ಬೇಡ. ಅಡಿಕೆ ಹಾಳೆಯ ಉದ್ದ ತಟ್ಟೆ ಅಥವಾ ಎರಡು ಪದರ ಬಾಳೆಲೆ ಅಡಿಗೆ ಹಾಕಿ, ತುಂಡು ಮಾಡಿದ ದಿಂಡನ್ನ ಒಂದರ್ಧ ಗಂಟೆ ಲಂಬವಾಗಿ ನಿಲ್ಲಿಸಿ ರಸ ಇಳಿಸಿದ್ರೆ ಇನ್ನೂ ಒಳ್ಳೆದು. ಕೆಲಸ ಮಾಡುವಾಗ ಹಳೇ ನೈಟಿಯೋ ಲುಂಗಿಯೋ ಹಾಕ್ಕೊಳ್ಳಿ. ಎರಡನೇದು, ಫ್ಲಾಟಲ್ಲಿದ್ದವ್ರಿಗೆ ದಿಂಡು ಎಲ್ಲಿಂದ? ಬಾಳೆಲೆ ಮಾರುವವ್ರ ಹತ್ರ ಒಂದು ದಿನ ಮೊದ್ಲು ಹೇಳಿಟ್ರೆ ಸಾಧಾರಣ ತಂದು ಕೊಡ್ತಾರೆ, ಬಿಸು ಟೈಮಲ್ಲಿ ಮಾತ್ರ ಎರಡು ದಿನ ಮೊದ್ಲು ಹೇಳಿ. ಒಂದು ದಿನಕ್ಕೆ ಇದು ಪಕ್ಕಾ, ಎರಡನೇ ದಿನ ಕೊಯ್ದ ಬದಿ ಕಪ್ಪಾಗ್ಲಿಕ್ಕೆ ಶುರು, ಮೂರನೇ ದಿನ ವಾಸನೆ. ಅಷ್ಟರಲ್ಲಿ ತೆಂಗಿನ ಬುಡಕ್ಕೆ ಹೋಗಿರ್ಬೇಕು.

ಸಣ್ಣ ಟೇಬಲಿಗೆ ಇದೇ ದಿಂಡನ್ನ ಮೂರು ಇಂಚಿನ ಬಿಲ್ಲೆ ಮಾಡಿ ತೆಂಗಿನ ಗೆರಟೆಯೊಳಗೆ (ಚಿಪ್ಪು) ಕೂರಿಸಿ, ಒಂದೊಂದು ಜಾಗಕ್ಕೆ ಒಂದೊಂದು. ಪಾತ್ರೆ ಬಂದ್ರೆ ಸರಿಸ್ಬಹುದು.

ಹುಲ್ಲು ಬೆಳೆಸಿದ ಟ್ರೇ: ಗೋಧಿಯಾ ನೇಜಿಯಾ ರಾಗಿಯಾ

ಫೋಟೋದಲ್ಲಿ ಎಲ್ಲರಿಗೂ ಆಸೆ ಹುಟ್ಟಿಸೂದು ಇದೇ, ಹಸಿರು ಹುಲ್ಲಿನ ಟ್ರೇ, ನಡುವೆ ಹೂ. ಗೋಧಿಹುಲ್ಲಿನ ವಿಧಾನ ಎಲ್ಲಾ ಕಡೆ ಒಂದೇ, ಎಂಟು ಹತ್ತು ಗಂಟೆ ನೆನೆಸಿ, ಮೊಳಕೆ ಬಂದದ್ದನ್ನ ಮಣ್ಣಿನ ಮೇಲೆ ಒತ್ತೊತ್ತಾಗಿ ಹರಡಿ, ವಾರ ಹತ್ತು ದಿನಕ್ಕೆ ಐದಾರು ಇಂಚು. ಆದ್ರೆ ಗೋಧಿಗೆ ತಂಪು ಇಷ್ಟ. ಕರಾವಳಿ ಸೆಕೆಗೆ, ತೇವಕ್ಕೆ ಅದ್ರ ಬುಡದಲ್ಲಿ ಬಿಳಿ ಬೂಷ್ಟು ಬರ್ತದೆ, ಆಮೇಲೆ ಹುಳಿ ವಾಸನೆ, ಊಟದ ಟೇಬಲಿಗೆ ಅದು ಯಾರಿಗೆ ಬೇಕು. ಗೋಧಿಯೇ ಬೇಕು ಅಂತಿದ್ರೆ ಮಣ್ಣಿಗೆ ಅರ್ಧದಷ್ಟು ಹೊಯ್ಗೆ (ಮರಳು) ಬೆರೆಸಿ, ಕಾಳು ಒಂದರ ಮೇಲೊಂದು ಬೀಳದ ಹಾಗೆ ತೆಳ್ಳಗೆ ಬಿತ್ತಿ, ನೀರು ಮೇಲಿಂದ ಚಿಮುಕಿಸೂದು ಬಿಟ್ಟು ಟ್ರೇಯ ಅಡಿಯಿಂದ ಕೊಡಿ, ಗಾಳಿ ಆಡುವ ಜಗಲಿಯಲ್ಲಿಡಿ.

ನಮ್ಮ ಊರಿಗೆ ಸರಿಯಾದ್ದು ಭತ್ತ. ನೇಜಿ, ಅಂದ್ರೆ ಭತ್ತದ ಎಳೇ ಸಸಿ, ಗದ್ದೆ ಇದ್ದವ್ರಿಗೆ ವಿವರ್ಸೂದು ಬೇಡ, ಸೆಕೆ, ತೇವ, ನಿಂತ ನೀರು ಎಲ್ಲ ಅದಕ್ಕೆ ತವರುಮನೆ. ಒಂದು ದಿನ ಪೂರ್ತಿ ನೆನೆಸಿ, ನೀರು ಬಸಿದು ಹಸಿ ಗೋಣಿಯಲ್ಲೋ ಬಟ್ಟೆಯಲ್ಲೋ ಕಟ್ಟಿಡಿ, ಒಂದೆರಡು ದಿನಕ್ಕೆ ಮೊಳಕೆ ಮೂಗು ತೋರಿಸ್ತದೆ, ಆಗ ಎರಡಿಂಚು ಮಣ್ಣಿನ ಟ್ರೇಯಲ್ಲಿ ಬಿತ್ತಿ. ಹತ್ತು ಹನ್ನೆರಡು ದಿನಕ್ಕೆ ನಾಲ್ಕು ಇಂಚಿನ ನೇಜಿ. ಗೋಧಿಗಿಂತ ಕೆಲವು ದಿನ ಹೆಚ್ಚು ಬೇಕು, ಆದ್ರೆ ಬಣ್ಣ ನೋಡಿ, ಹಳದಿ ಬೆರೆತ ಎಳೇ ಹಸಿರು, ಗೋಧಿಯ ಕಡುಹಸಿರು ಅದ್ರ ಮುಂದೆ ಪ್ಲಾಸ್ಟಿಕ್ ಅನಿಸ್ತದೆ. ಬೀಜದ ಭತ್ತವೇ ಆಗ್ಬೇಕು, ಎಂಒ4 ತಳಿಯ ಭತ್ತ ಬಿತ್ತುವ ಮನೆಯಿಂದ ಒಂದು ಹಿಡಿ ಕೇಳಿದ್ರೆ ಯಾರೂ ಇಲ್ಲ ಅನ್ನೂದಿಲ್ಲ. ಅಂಗಡಿಯ ಅಕ್ಕಿ ಹಾಕಿ ಮೊಳಕೆ ಬರ್ಲಿಲ್ಲ ಅಂತ ಕೂರ್ಬೇಡಿ, ಕುಚ್ಚಲಕ್ಕಿ ಅಂತೂ ಬೆಂದೇ ಬಂದಿರ್ತದೆ.

ನೇಜಿಯದ್ದು ಇನ್ನೊಂದು ಚೋದ್ಯ ಉಂಟು, ಬೆಳ್ಳಂಬೆಳಿಗ್ಗೆ ನೋಡಿದವ್ರಿಗೆ ಮಾತ್ರ ಗೊತ್ತು. ಮಣ್ಣು ಚೆನ್ನಾಗಿ ಹಸಿ ಇದ್ದು ರಾತ್ರಿ ಗಾಳಿಯಲ್ಲಿ ತೇವ ಇದ್ರೆ ಪ್ರತಿಯೊಂದು ಎಲೆಯ ತುದಿಯಲ್ಲಿ ಒಂದೊಂದೇ ನೀರಿನ ಮಣಿ ನಿಂತಿರ್ತದೆ. ಇಬ್ಬನಿ ಅಲ್ಲ ಅದು, ಬೇರು ರಾತ್ರಿ ಎಳೆದ ನೀರು ಆವಿಯಾಗಿ ಹೋಗ್ಲಿಕ್ಕೆ ಆಗದೆ ಎಲೆ ತುದಿಯಿಂದ ಹೊರಗೆ ಬರೂದು, ಅದಕ್ಕೇ ಮನೆಯೊಳಗಿಟ್ಟ ಟ್ರೇಯಲ್ಲೂ ಬರ್ತದೆ. ಬಿಸುಕಣಿ, ಅಂದ್ರೆ ಬಿಸು ದಿನ ಎದ್ದ ಕೂಡ್ಲೆ ನೋಡ್ಲಿಕ್ಕೆ ಜೋಡಿಸಿಟ್ಟ ಫಲವಸ್ತು, ನೋಡೂದು ಎಷ್ಟೊತ್ತಿಗೆ? ಅದೇ ಹೊತ್ತಿಗೆ. ದೀಪದ ಎದುರು ನೇಜಿ ಟ್ರೇ ಇಟ್ರೆ ನೂರಾರು ಮಣಿಯಲ್ಲಿ ನೂರಾರು ದೀಪ. ಹಿಂದಿನ ರಾತ್ರಿ ಮಲಗುವ ಮೊದ್ಲು ಚೆನ್ನಾಗಿ ನೀರು ಕೊಟ್ಟು ಆ ಕೋಣೆಯ ಫ್ಯಾನ್ ಆಫ್ ಮಾಡಿ, ಅಷ್ಟೇ ಖರ್ಚು. ಫ್ಯಾನ್ ಇದ್ರೆ ಮಣಿ ಒಣಗ್ತದೆ.

ರಾಗಿ ಮೂರನೇ ಆಯ್ಕೆ. ಕಾಳು ಸಣ್ಣ, ಹುಲ್ಲು ಸಹ ರೇಷ್ಮೆ ಹಾಗೆ ಸಣ್ಣ, ಬಾಲ್ಕನಿಯಲ್ಲಿ ಚಹಾ ತಟ್ಟೆಯಲ್ಲೇ ಒಂದು ವಾರಕ್ಕೆ ಬರ್ತದೆ, ಆದ್ರೆ ಬೇಗ ಒರಗ್ತದೆ, ಎತ್ತರ ಬಿಡ್ಬೇಡಿ. ನರ್ಸರಿಯಿಂದ ಲಾನ್ ಹುಲ್ಲಿನ ತುಂಡು ತಂದು ಟ್ರೇಗೆ ಹಾಕೂದೂ ಒಂದು ಐಡಿಯಾ, ಟೈಮೇ ಇಲ್ಲದವ್ರಿಗೆ. ಅದ್ರೊಳಗೆ ಇರುವೆ ಗೂಡು ಇದ್ಯಾ ಅಂತ ಹೊರಗೇ ನೋಡಿ ತನ್ನಿ.

ಟ್ರೇಯಲ್ಲಿ ಹೂ ನಿಲ್ಸೂದು ಹೇಗೆ ಅಂತ ಕೇಳ್ತಾರೆ. ಮಣ್ಣಿಗೆ ಚುಚ್ಚಿದ್ರೆ ಎರಡು ಗಂಟೆ ಸಹ ಬಾಳೂದಿಲ್ಲ. ಹೋಮಿಯೋಪತಿ ಗುಳಿಗೆಯ ಸಣ್ಣ ಬಾಟ್ಲಿ ಇರ್ತದಲ್ಲ, ಅದಕ್ಕೆ ನೀರು ತುಂಬಿ ಬಿತ್ತುವಾಗಲೇ ಮಣ್ಣಲ್ಲಿ ಕುತ್ತಿಗೆ ತನಕ ಹೂತಿಡಿ, ಹುಲ್ಲು ಬೆಳೆದು ಬಾಟ್ಲಿ ಮುಚ್ಚಿಹೋಗ್ತದೆ, ಆ ದಿನ ಹೂ ಇಳಿಸಿದ್ರಾಯ್ತು. ಆಮೇಲೆ ಹುಡುಕಿ ಹೂಳ್ಲಿಕ್ಕೆ ಹೋದ್ರೆ ಹುಲ್ಲು ಅಸ್ತವ್ಯಸ್ತ.

ಬಾಟ್ಲಿ ಸಾಲು ಮತ್ತೆ ಒಣಹುಲ್ಲು

ಜಾಮ್ ಬಾಟ್ಲಿ, ಸೋಡಾ ಬಾಟ್ಲಿ, ಉಪ್ಪಿನಕಾಯಿ ಬಾಟ್ಲಿ, ಐದಾರು ಸೇರಿಸಿ ಟೇಬಲ್ ಉದ್ದಕ್ಕೆ ಸಾಲಾಗಿ ಇಡೂದು. ಫ್ಲಾಟಿನವ್ರಿಗೆ, ಎರಡು ಮೂರು ದಿನ ಬಾಳ್ಬೇಕು ಅನ್ನುವವ್ರಿಗೆ ಇದು. ಆಂಥೂರಿಯಂ ಬೆಳೆಸಿದವ್ರು ಇಲ್ಲಿ ತುಂಬ ಜನ ಇದ್ದೀರಿ, ಒಂದು ಆಂಥೂರಿಯಂ ಕಡಿದು ನೀರಲ್ಲಿಟ್ರೆ ಎರಡು ವಾರ ಅಲುಗಾಡೂದಿಲ್ಲ, ಬೇರೆ ಹೂ ಬದಲಿಸ್ತಾ ಅದನ್ನ ಹಾಗೇ ಇಟ್ಕೊಳ್ಬಹುದು. ಕೆಂಪು ಲಿಲ್ಲಿ, ಬೇಸಿಗೆ ಮಳೆ ಒಂದು ಬಿದ್ದ ಕೂಡ್ಲೆ ಅಂಗಳದಲ್ಲಿ ಎದ್ದು ನಿಲ್ತದಲ್ಲ ಅದು, ಮೊಗ್ಗಲ್ಲೇ ಕಡಿದ್ರೆ ಒಳಗೆ ಬಂದು ಅರಳ್ತದೆ, ನಾಲ್ಕೈದು ದಿನ ಧಾರಾಳ. ಹೆಲಿಕೋನಿಯಾ ಬಾಟ್ಲಿಗೆ ಭಾರ, ಟೇಬಲಿಗೆ ಎತ್ತರ, ಅದು ಹಾಲ್‌ನ ಮೂಲೆಗಿರಲಿ.

ಬಾಟ್ಲಿಗೆ ಹುಲ್ಲು ಅಂದ್ರೆ ಹಸಿರೇ ಆಗ್ಬೇಕು ಅಂತ ಯಾಕೆ ಹಟ. ಏಪ್ರಿಲಲ್ಲಿ ಪದವಿನ (ಬಯಲು ಗುಡ್ಡೆ) ಕಡೆ ಹೋಗಿ ನೋಡಿ, ಮುರಕಲ್ಲಿನ ಮೇಲೆ ಮುಳಿಹುಲ್ಲು ಬಂಗಾರ ಬಣ್ಣಕ್ಕೆ ಒಣಗಿ ನಿಂತಿರ್ತದೆ, ಅದ್ರ ಬದಿಯಲ್ಲೇ ಕಾಟು ಕೇಪಳ ಕೆಂಡದ ಹಾಗೆ. ನಮ್ಮ ವಸಂತದ ನಿಜವಾದ ಬಣ್ಣ ಈ ಎರಡು. ಒಂದು ಹಿಡಿ ಮುಳಿಹುಲ್ಲು, ಎರಡು ಗೊಂಚಲು ಕೇಪಳ, ಒಂದು ಹಳೇ ಕಂಚಿನ ಚೊಂಬು, ಇಷ್ಟು ಸಾಕು, ಟ್ಯೂಲಿಪ್ ಬಗ್ಗೆ ಮತ್ತೆ ಯಾರೂ ಮಾತಾಡೂದಿಲ್ಲ. ಒಣಹುಲ್ಲಿಗೆ ನೀರು ಬೇಡ, ಬಾಡುವ ಪ್ರಶ್ನೆಯೇ ಇಲ್ಲ. ಕೆಲವು ಹುಲ್ಲಿನ ಬೀಜಕ್ಕೆ ಮುಳ್ಳಿನಂಥ ಬಾಲ ಇರ್ತದೆ, ಸೀರೆ ಪಂಚೆಗೆ ಹಿಡ್ಕೊಂಡ್ರೆ ಬಿಡಿಸೂದು ಕಷ್ಟ, ಹೊರಗೇ ಜೋರು ಕೊಡವಿ ತನ್ನಿ. ಕೇಪಳಕ್ಕೆ ಕೆಂಜಿರುವೆ ಇದ್ದೇ ಇರ್ತದೆ, ಬಕೆಟ್ ನೀರಲ್ಲಿ ತಲೆಕೆಳಗೆ ಅದ್ದಿ ಒಂದೆರಡು ನಿಮಿಷ ಬಿಟ್ಟು ಒದರಿ, ಇಲ್ಲಾಂದ್ರೆ ಪಾಯಸದ ಲೋಟಕ್ಕೆ ಅವೇ ಮೊದ್ಲು.

ಬಾಟ್ಲಿ ನೀರಿಗೆ ಒಂದು ಲೀಟರಿಗೆ ಒಂದು ಟೀ ಚಮಚ ಸಕ್ಕರೆ, ಎರಡು ಚಮಚ ಲಿಂಬೆರಸ, ಅರ್ಧ ಚಮಚ ಬ್ಲೀಚ್. ಸಕ್ಕರೆ ಹೂವಿಗೆ, ಲಿಂಬೆ ನೀರು ಮೇಲೆ ಏರ್ಲಿಕ್ಕೆ, ಬ್ಲೀಚ್ ಕೊಳೆಯದ ಹಾಗೆ. ಬ್ಲೀಚ್ ಬಿಟ್ಟು ಬರೀ ಸಕ್ಕರೆ ಹಾಕಿದ್ರೆ ಹೂವಿಗಿಂತ ಮೊದ್ಲು ಬ್ಯಾಕ್ಟೀರಿಯಾಕ್ಕೆ ಹಬ್ಬ. ಹೂ ಕೊಯ್ಯೂದು ಬಿಸಿಲೇರುವ ಮೊದ್ಲು, ಓರೆಯಾಗಿ ಕತ್ತರಿಸಿ, ನೀರಲ್ಲಿ ಮುಳುಗುವ ಎಲೆ ಎಲ್ಲ ತೆಗ್ದು, ಒಂದೆರಡು ಗಂಟೆ ಬಕೆಟಲ್ಲಿ ಕತ್ತಲೆ ಕೋಣೆಯಲ್ಲಿ ಬಿಟ್ಟು ಆಮೇಲೆ ಜೋಡಿಸಿ. ಪಕ್ಕದ ಮನೆ ಕಂಪೌಂಡಿನ ಹೂ ಆದ್ರೆ ಕೇಳಿ ಕೊಯ್ಯಿರಿ, ಬೆಳಿಗ್ಗೆ ವಾಕಿಂಗ್ ಹೋಗುವವ್ರ ಪ್ಲಾಸ್ಟಿಕ್ ತೊಟ್ಟೆ ನೋಡಿ ನೋಡಿ ಎಲ್ಲರಿಗೂ ಸಾಕಾಗಿದೆ.

ಟೇಬಲಿಗೆ ತರಬಾರದ್ದು

ಕಣಗಿಲೆ ಬೇಡ. ಗುಲಾಬಿ ಬಣ್ಣದ್ದು ಎಷ್ಟೇ ಚಂದ ಇದ್ರೂ ಅದ್ರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ, ಮಕ್ಕಳು ಅನ್ನದ ಹತ್ರ ಉದುರಿದ್ದನ್ನ ಬಾಯಿಗೆ ಹಾಕಿದ್ರೆ ಕಷ್ಟ. ಹಳದಿ ಅಲಮಂಡಾ, ಮೇ ತಿಂಗಳಲ್ಲಿ ಬರುವ ಕೆಂಪು ಚೆಂಡಿನ ಮೇ ಫ್ಲವರ್, ಇವೂ ದೂರ ಇರಲಿ. ಕೆಂಪು ಲಿಲ್ಲಿಯ ಗೆಡ್ಡೆ ವಿಷ, ಆಂಥೂರಿಯಂ ಜಗಿದ್ರೆ ಕೆಸುವಿನ ಹಾಗೆ ಬಾಯಿ ತುರಿಸ್ತದೆ, ನಂದಿಬಟ್ಟಲು ದೇವಕಣಗಿಲೆಯ ಹಾಲು ಸಹ ಹೊಟ್ಟೆಗೆ ಒಳ್ಳೆದಲ್ಲ, ಹಾಗಾಗಿ ಸಣ್ಣ ಮಕ್ಕಳು ಕೂರುವ ಬದಿಗೆ ದಾಸವಾಳ, ಕೇಪಳ ಇಟ್ರೆ ನೆಮ್ಮದಿ. ಮತ್ತೆ ಪ್ಲೇಟಿನ ಮೇಲೆ ಅಲಂಕಾರ ಅಂತ ಸಿಕ್ಕಿದ ಹೂ ಇಡೂದು, ಅದು ಹೋಟೆಲಿನವ್ರಿಗಿರಲಿ.

ಕಕ್ಕೆಹೂ ಏಪ್ರಿಲಲ್ಲಿ ರಸ್ತೆ ರಸ್ತೆಯಲ್ಲಿ ಹಳದಿ ಸುರೀತದೆ, ಆಸೆ ಆಗೂದು ಸಹಜ. ಆದ್ರೆ ಕೊಯ್ದ ಮೇಲೆ ಎಸಳು ಉದುರೂದು ಅಂದ್ರೆ ಉದುರೂದೇ, ಸಾರಿನ ಪಾತ್ರೆಯೊಳಗೆ ಸಹ. ಕಣಿಗೆ ಆಗ್ತದೆ, ಊಟಕ್ಕೆ ಆಗೂದಿಲ್ಲ.

ಮಲ್ಲಿಗೆ ಬಗ್ಗೆ ಜಗಳ ಆಗ್ತದೆ ಗೊತ್ತು. ಶಂಕರಪುರದ ಮಲ್ಲಿಗೆ, ಅದೇ ಜಿಐ ಟ್ಯಾಗ್ ಸಿಕ್ಕಿದ ಉಡುಪಿ ಮಲ್ಲಿಗೆ, ಬಾಳೆನಾರಲ್ಲಿ ಒತ್ತಾಗಿ ಕಟ್ಟಿದ್ದು ಒಂದು ಚೆಂಡು ತಂದು ಟೇಬಲ್ ಉದ್ದಕ್ಕೆ ಹಾವಿನ ಹಾಗೆ ಇಟ್ರೆ ಅದ್ರ ಮುಂದೆ ಯಾವ ಸೆಂಟರ್‌ಪೀಸೂ ನಿಲ್ಲೂದಿಲ್ಲ. ಆದ್ರೆ ಎರಡು ವಿಷ್ಯ. ಒಂದು ರೇಟು, ದಿನಾ ಬದಲಾಗ್ತದೆ, ಮದುವೆ ಸೀಸನಲ್ಲಿ ಕೇಳೂದೇ ಬೇಡ, ನಾಲ್ಕು ಚೆಂಡು ಸೇರಿದ್ರೆ ಒಂದು ಅಟ್ಟೆ, ಅಟ್ಟೆ ರೇಟು ಕೇಳಿದ್ರೆ ತಲೆಗೆ ಮುಡಿಯೂದೇ ಸಾಕು ಅನಿಸ್ತದೆ. ಇನ್ನೊಂದು ಪರಿಮಳ. ಬಂಗುಡೆ ಪುಳಿಮುಂಚಿಯ ಎದುರು ಮಲ್ಲಿಗೆ ಇಟ್ರೆ ಎರಡಕ್ಕೂ ಅನ್ಯಾಯ. ಸಿಹಿ, ಚಹಾ, ಐಸ್‌ಕ್ರೀಂ ಟೇಬಲಿಗೆ ಮಲ್ಲಿಗೆ ಇಡಿ, ಮೀನೂಟಕ್ಕೆ ಪರಿಮಳ ಇಲ್ಲದ ಕೇಪಳ, ದಾಸವಾಳ. ಸಂಪಿಗೆಗೂ ಇದೇ ಮಾತು.

ಹಾಗಾದ್ರೆ ಯಾರಿಗೆ ಯಾವುದು

ಬಿಸುವಿಗೆ ಕಣ್ಣು ಮುಚ್ಚಿ ನೇಜಿ ಟ್ರೇ. ಬಾಳೆಲೆ ಮೇಲೆ ಅಕ್ಕಿ, ಕಾಯಿ, ಸೌತೆ, ಮಾವು, ಗೇರುಹಣ್ಣು, ಕನ್ನಡಿ, ಚಿನ್ನ ಎಲ್ಲ ಇಡುವಾಗ ಹಿಂದೆ ನೇಜಿ ಇದ್ರೆ ಸಾಕು. ಹೂ ಹಿಂದಿನ ರಾತ್ರಿಯೇ ಇಡ್ಬೇಕಾದ್ದರಿಂದ ಕೇಪಳ, ಗೊಂಡೆ. ದಾಸವಾಳದ ಉಬ್ಬಿದ ಮೊಗ್ಗು ಸಂಜೆ ಕೊಯ್ದು ಇಟ್ರೆ ಮರುದಿನ ಅರಳ್ತದೆ ನಿಜ, ಆದ್ರೆ ಕಣಿ ನೋಡುವ ಕತ್ತಲೆ ಹೊತ್ತಿಗೆ ಪೂರ್ತಿ ಬಿಚ್ಚಿರೂದಿಲ್ಲ. ಹಣ್ಣಾದ ಮಾವು, ಬಾಳೆಹಣ್ಣಿನ ಹತ್ರ ಆರ್ಕಿಡ್ ಕಾರ್ನೇಶನ್ ಇಟ್ರೆ ಹಣ್ಣಿನಿಂದ ಬರುವ ಎಥಿಲೀನ್‌ಗೆ ಅವು ಬೇಗ ಸೋಲ್ತವೆ, ಒಂದು ರಾತ್ರಿಗೆ ಪರ್ವಾಗಿಲ್ಲ, ಕಣಿ ನೋಡಿ ಆದ ಮೇಲೆ ಬೇರೆ ಮಾಡಿ. ಅದೇ ದಿನ ಮಧ್ಯಾಹ್ನದ ಎಲೆ ಊಟಕ್ಕೆ ಉದ್ದದ ಬಾಳೆದಿಂಡು.

ಈಸ್ಟರ್ ತಾರೀಖು ಪ್ರತಿ ವರ್ಷ ಬೇರೆ, ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗ ಬೇಕಾದ್ರೂ ಬರ್ಬಹುದು, ಹಾಗಾಗಿ ಭತ್ತ ನೆನೆಸುವ ದಿನ ಕ್ಯಾಲೆಂಡರ್ ನೋಡಿ ಎರಡು ವಾರ ಮೊದ್ಲೇ ಗುರ್ತು ಹಾಕ್ಕೊಳ್ಳಿ. ಈಸ್ಟರಿಗೆ ಒಂದು ವಾರ ಮೊದ್ಲು ಬರುವ ಗರಿಯ ಭಾನುವಾರಕ್ಕೆ ಎರಡು ದಿನ ಮೊದ್ಲು ನೆನೆಸಿದ್ರೆ ಸಣ್ಣ ನೇಜಿ, ಇನ್ನೊಂದು ನಾಲ್ಕೈದು ದಿನ ಮುಂಚೆ ಆದ್ರೆ ಸರಿಯಾದ ಎತ್ತರ. ಬಿಳಿ ಬೇಕು ಅನ್ನುವವ್ರಿಗೆ ನಂದಿಬಟ್ಟಲು, ರಾತ್ರಿ ಊಟ ಆದ್ರೆ ಸ್ಪೈಡರ್ ಲಿಲ್ಲಿ. ನೇಜಿ ನಡುವೆ ಬೇಕರಿಯ ಮಾರ್ಝಿಪಾನ್ ಮೊಟ್ಟೆ ಇಟ್ರೆ ಫೋಟೋ ಏನೋ ಬರ್ತದೆ, ಆದ್ರೆ ಹಸಿ ಮಣ್ಣಿನ ಮೇಲೆ ಅದು ಅರ್ಧ ಗಂಟೆಗೆ ಅಂಟಂಟು, ಇರುವೆ ಬೇರೆ. ಮೇಲೆ ಸಣ್ಣ ಗೆರಟೆ ಇಟ್ಟು ಅದ್ರೊಳಗೆ ಮೊಟ್ಟೆ ಇಡಿ.

ಸುಮ್ನೆ ನಾಲ್ಕು ಜನ ನೆಂಟ್ರು, ಫೋನ್ ಮಾಡಿ ಎರಡು ಗಂಟೆಯಲ್ಲಿ ಬರ್ತೇವೆ ಅಂದವ್ರು? ಉರುಳಿ. ವಾರ ಇಡೀ ಮನೆ ತುಂಬ ಜನ ಇರ್ತಾರೆ ಅಂದ್ರೆ ಬಾಟ್ಲಿ ಸಾಲು, ದಿನಾ ಒಂದೆರಡು ಬದಲಿಸ್ತಾ.

ಇನ್ನು ಆ ಹಸಿರು ಫೋಮ್. 1954ರಲ್ಲಿ ಅಮೆರಿಕದಲ್ಲಿ ಬಂದದ್ದು, ಫಿನಾಲ್ ಫಾರ್ಮಾಲ್ಡಿಹೈಡ್ ಅನ್ನುವ ಪ್ಲಾಸ್ಟಿಕ್, ಹುಡಿಯಾದ್ರೂ ಮಣ್ಣಾಗೂದಿಲ್ಲ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ಪ್ರದರ್ಶನಗಳಲ್ಲಿ ಇದನ್ನ ಬಿಟ್ಟಾಗಿದೆ. ಹಾಲ್‌ನಲ್ಲಿ ದೊಡ್ಡ ರಿಸೆಪ್ಶನ್, ಮೂವತ್ತು ಟೇಬಲ್, ಎಲ್ಲ ಒಂದೇ ತರ ಬೇಕು, ಘಟ್ಟದ ಮೇಲಿಂದ ಬಂದ ಗುಲಾಬಿ ಸೇವಂತಿಗೆಯೇ ಬೇಕು ಅಂತಿದ್ರೆ ಡೆಕೋರೇಶನಿನವ್ರು ಅದನ್ನೇ ತರ್ತಾರೆ, ತಪ್ಪಿಸೂದು ಕಷ್ಟ. ಮನೆಗೆ ಬಂದ್ರೆ ನೀರಲ್ಲಿ ಒತ್ತಿ ಮುಳುಗಿಸ್ಬೇಡಿ, ತನ್ನಷ್ಟಕ್ಕೆ ನೀರು ಕುಡಿದು ಕೆಳಗಿಳಿಯಲಿ, ಒತ್ತಿದ್ರೆ ನಡುವೆ ಗಾಳಿ ಸಿಕ್ಕಿಬೀಳ್ತದೆ, ಅಲ್ಲಿ ಚುಚ್ಚಿದ ಹೂ ಮೊದ್ಲು ಸಾಯ್ತದೆ. ಒಮ್ಮೆ ಚುಚ್ಚಿದ ತೂತಿಗೆ ಎರಡನೇ ಸಲ ಹಿಡಿತ ಇಲ್ಲ, ಒಣಗಿಸಿ ಪುನಃ ನೆನೆಸಿದ್ರೆ ನೀರೂ ಸರಿ ಎಳೆಯೂದಿಲ್ಲ. ಮುಗಿದ ಮೇಲೆ ಬಚ್ಚಲ ಒಲೆಗೆ ಹಾಕ್ಬೇಡಿ, ತೆಂಗಿನ ಬುಡಕ್ಕೂ ಬೇಡ, ಒಣಕಸದ ಚೀಲಕ್ಕೆ ಹಾಕಿ ಕೊಡಿ.